ಹತ್ತಿ ನೋಡದವನ ಅಭಿಪ್ರಾಯ

ಈ ವಿಷಯವನ್ನು ಬರೆಯಬೇಕೆಂದು ನಾನು ಎಷ್ಟೋ ಸಲ ಕೂತಿದ್ದೇನೆ, ಕೂತಷ್ಟೇ ಸಲ ಎದ್ದಿದ್ದೇನೆ. ಒಮ್ಮೆ ಕನ್ನಡಕ ಸಿಗಲಿಲ್ಲ. ಇನ್ನೊಮ್ಮೆ ಕನ್ನಡಕ ಸಿಕ್ಕಿತು, ಧೈರ್ಯ ಸಿಗಲಿಲ್ಲ. ಮಂಡಿನೋವು, ಮೊಮ್ಮಗಳ ಪರೀಕ್ಷೆ, ಅಮಾವಾಸ್ಯೆ ಹೀಗೆ ಮುಂದೂಡಲು ಮನಸ್ಸು ಮಾಡಿದವನಿಗೆ ಪಂಚಾಂಗವೂ ಬೆಂಬಲಕ್ಕೆ ನಿಲ್ಲುತ್ತದೆ. ಕೊನೆಗೆ ನನ್ನನ್ನು ಹಿಡಿದು ಕೂರಿಸಿದ್ದು ಒಂದು ಮೋಟಾರ್ ಸೈಕಲ್ಲಿನ ಮಡ್‌ಗಾರ್ಡು. ಅದಕ್ಕೂ ಮುಂದಿನ ಚಕ್ರಕ್ಕೂ ನಡುವೆ, ಸಿಪ್ಪೆ ಸುಲಿಯದ ತೆಂಗಿನಕಾಯಿಯೊಂದನ್ನು ಇಡುವಷ್ಟು ಜಾಗವಿತ್ತು.

ಚಾಮರಾಜಪೇಟೆಯಲ್ಲಿ ನಮ್ಮ ಮನೆಯ ತಿರುವಿನ ಹೋಟೆಲ್ಲಿಗೆ ಭಾನುವಾರ ಬೆಳಿಗ್ಗೆ ಬೈಕ್ ಸವಾರರು ಬರುತ್ತಾರೆ. ಕನಕಪುರದ ಕಡೆ ಬೆಟ್ಟಗುಡ್ಡ ಹತ್ತುವುದಕ್ಕೆ ಮುಂಚೆ ಇಡ್ಲಿ ವಡೆಯ ಆಧಾರ ಬೇಕಾಗುತ್ತದೆ. ಗಗನಯಾತ್ರಿಗಳ ಹಾಗೆ ಜಾಕೀಟು, ಮಂಡಿಕವಚ ತೊಟ್ಟು ಬಂದು, ಚಟ್ನಿ ಮೇಲೆ ಬೀಳದಂತೆ ಬಗ್ಗಿ ತಿನ್ನುವ ಅವರನ್ನು ನೋಡುವುದು ನನ್ನ ವಾರದ ಮನರಂಜನೆ. ಆ ದಿನ ಶ್ರುತಿ ಎಂಬ ಹುಡುಗಿ ಹೊಸ ಗಾಡಿ ತಂದಿದ್ದಳು. ಎರಡು ಕಂಪನಿಗಳು ಒಂದಾಗಿ ಮೊದಲ ಸಲ ಹೊರತಂದ, ಕಲ್ಲುಮುಳ್ಳಿನ ದಾರಿಗೆಂದೇ ರೂಪಿಸಿದ ಗಾಡಿ. ಇಂಥದ್ದನ್ನು ಪತ್ರಿಕೆಯವರು ವಿಲೀನ ಎನ್ನುತ್ತಾರೆ. ನಮ್ಮ ಕಡೆ ಸಂಬಂಧ ಬೆಳೆಸುವುದು ಎನ್ನುತ್ತೇವೆ. ಸಂಬಂಧ ಬೆಳೆದ ಮನೆಯಲ್ಲಿ ಮಗು ಹುಟ್ಟಿದರೆ ನೋಡಲು ಬಂದವರು ಸುಮ್ಮನಿರುತ್ತಾರೆಯೇ? ಮೂಗು ಯಾರದು, ಕಿವಿ ಯಾರದು ಎಂಬ ಹಂಚಿಕೆ ಶುರುವಾಯಿತು.

"ಮುಖ ನೋಡು ಗುರು, ಹದ್ದಿನ ಕೊಕ್ಕು ತಂದು ಅಂಟಿಸ್ದಂಗಿದೆ," ಎಂದ ಪವನ್. ಬ್ಯಾಂಕಿನಲ್ಲಿ ಕೆಲಸ, ಬಾಯಲ್ಲಿ ಸದಾ ಬೈಕು.

"ಇಂಜಿನ್ ಒಬ್ರದು, ಚಾಸಿ ಇನ್ನೊಬ್ರದು," ಎಂದ ಅವನ ಗೆಳೆಯ ಇಮ್ರಾನ್. "ಕೆಟ್ಟೋದ್ರೆ ಇವ್ರು ಅವ್ರ ಮೇಲೆ ಹೇಳ್ತಾರೆ, ಅವ್ರು ಇವ್ರ ಮೇಲೆ ಹೇಳ್ತಾರೆ. ನಿನ್ ಕಥೆ ಮುಗೀತು ಶ್ರುತಿ."

"ನೀವಿಬ್ರೂ ಇದನ್ನ ಓಡ್ಸಿದೀರಾ?"

"ಯೂಟ್ಯೂಬಲ್ಲಿ ಪೂರ್ತಿ ನೋಡಿದೀನಿ ಮಚ್ಚಾ," ಎಂದ ಪವನ್, ಬಹಳ ಗಂಭೀರವಾಗಿ.

ನಾನು ನಗಬೇಕಾಗಿತ್ತು. ನಗಲಿಲ್ಲ, ಯಾಕೆಂದರೆ ಯೂಟ್ಯೂಬ್ ಹುಟ್ಟುವುದಕ್ಕೆ ಎಷ್ಟೋ ಮುಂಚೆ ಆ ವಿದ್ಯೆಯಲ್ಲಿ ನಾನು ಪಾರಂಗತನಾಗಿದ್ದೆ. ಹೈಸ್ಕೂಲು ಮುಗಿಸಿದ ಮೇಲೆ ಮುಂದೆ ಓದಲು ಮನಸ್ಸಿಲ್ಲದೆ, ನಾನು ಹಿಡಿದದ್ದು ದ್ವಿಚಕ್ರ ವಾಹನಗಳಿಗೆ ಸೀಟು ಹೊಲಿಯುವ ಕೆಲಸ. ರೆಕ್ಸಿನ್, ಸ್ಪಂಜು, ದಬ್ಬಳ, ದಾರ ಇವೇ ನನ್ನ ಚತುರಂಗ ಬಲ. ಹೀಗಾಗಿ ಜಗತ್ತಿನ ಎಲ್ಲ ವಾಹನಗಳ ಬಗ್ಗೆಯೂ ನನ್ನ ಜ್ಞಾನ ಮನುಷ್ಯನ ಹಿಂಭಾಗದ ಮೂಲಕವೇ ಬಂದದ್ದು. ಸವಾರಿ ನನಗೆ ಬರುವುದಿಲ್ಲ. ಲೈಸೆನ್ಸ್ ಇಲ್ಲ. ಬೇರೆಯವರ ಹಿಂದೆ ಕೂತರೂ ಕಣ್ಣು ಮುಚ್ಚಿಕೊಳ್ಳುತ್ತೇನೆ. ಆದರೆ ಅಭಿಪ್ರಾಯಕ್ಕೆ ಲೈಸೆನ್ಸ್ ಬೇಡವಲ್ಲ. ಯಾವ ಗಾಡಿ ಅಂಗಡಿಗೆ ಬಂದರೂ ಒಂದು ಮಾತು ಅಂಟಿಸಿಯೇ ಕಳಿಸುತ್ತಿದ್ದೆ. ಒಂದಕ್ಕೆ ಎಮ್ಮೆ ಎಂದೆ, ಒಂದಕ್ಕೆ ಹೊಲಿಗೆ ಯಂತ್ರ ಎಂದೆ. ಜನ ನಗುತ್ತಿದ್ದರು. ನಗಿಸುವವನಿಗೆ ತಾನು ತಿಳಿದವನೆಂಬ ಭ್ರಮೆ ಬೇಗ ಹತ್ತುತ್ತದೆ.

ಅಷ್ಟರಲ್ಲಿ ಪವನ್ ಗಾಡಿಯನ್ನು ಮತ್ತೊಂದು ಸುತ್ತು ನೋಡಿ ತೀರ್ಪು ಕೊಟ್ಟ. "ಏನೇ ಹೇಳು, ಒಂಟೆ ಇದ್ದಂಗಿದೆ."

"ಸರಿಯಾದ ಏರಿಯಾಗೇ ಬಂದಿದೆ ಬಿಡು. ಒಂಟೆ ಗ್ಯಾರೇಜ್ ಇಲ್ಲೇ ಅಲ್ವಾ?" ಎಂದ ಇಮ್ರಾನ್.

"ಅದ್ಯಾಕೆ ಆ ಹೆಸ್ರು?" ಎಂದ ಪವನ್.

"ರಾಜರ ಕಾಲದಲ್ಲಿ ಅಲ್ಲಿ ಒಂಟೆ ಕಟ್ತಿದ್ರಂತೆ ಮಗಾ. ನಮ್ ತಾತ ಹೇಳೋರು."

ನನ್ನ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಆ ಜಾಗದಲ್ಲಿ ಯಾವ ರಾಜನೂ ಯಾವ ಒಂಟೆಯನ್ನೂ ಕಟ್ಟಿರಲಿಲ್ಲ. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. ಆದರೂ ಆಟೋದವರು, ಊಟ ತಲುಪಿಸುವವರು ಎಲ್ಲರೂ "ಒಂಟೆ ಗ್ಯಾರೇಜ್ ಹತ್ರ ಬಂದೆ" ಎನ್ನುತ್ತಾರೆ. ಇಡೀ ಬಡಾವಣೆಯಲ್ಲಿ ಆ ಹೆಸರಿನ ಮೂಲ ಬಲ್ಲವನು ನಾನು. ನಾನೇ ಅದರ ಮೂಲ.

ನಾನು ಸೀಟು ಹೊಲಿಯುತ್ತಿದ್ದ ಕಾಲದಲ್ಲಿ ನಮ್ಮ ಬೀದಿಯಲ್ಲಿ ಮೂರು ಮಳಿಗೆಗಳು ಸಾಲಾಗಿದ್ದವು. ಒಂದು ಲೇತ್ ಮಿಷನ್ನಿನ ಮುನಿರಾಜಣ್ಣನದು. ನಡುವಿನದು ನನ್ನ ಗೆಳೆಯನ ಗ್ಯಾರೇಜು. ಇನ್ನೊಂದು ಬದಿಗೆ ನನ್ನ ಸೀಟಿನ ಅಂಗಡಿ. ಗೆಳೆಯನೂ ನಾನೂ ಒಂದೇ ಹೈಸ್ಕೂಲಿನವರು, ಒಂದೇ ಕಾಫಿಯನ್ನು ಬೈಟು ಮಾಡಿ ಕುಡಿದವರು. ಒಂದು ದಿನ ಅವನಿಗೂ ಮುನಿರಾಜಣ್ಣನಿಗೂ ಒಂದು ಹುಚ್ಚು ಹತ್ತಿತು: ಹಳ್ಳದಲ್ಲೂ ಕಲ್ಲುಗಣಿಯಲ್ಲೂ ಓಡುವ ಗಾಡಿಯೊಂದನ್ನು ತಾವೇ ಕಟ್ಟಬೇಕು. ಇಬ್ಬರೂ ವ್ಯಾಪಾರ ಒಂದುಮಾಡಿದರು. ಎರಡು ಮಳಿಗೆಗಳ ನಡುವಿನ ಗೋಡೆ ಒಡೆದರು. ನನ್ನ ಕಡೆಯ ಗೋಡೆಗೆ ಸುಣ್ಣ ಹೊಡೆಸಿದರು.

ಆ ಸುಣ್ಣ ನನ್ನ ಹೊಟ್ಟೆಯಲ್ಲಿ ಕುದಿಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ನೀನೂ ಸೇರು ಎಂದು ಒಂದು ಮಾತಿಗಾದರೂ ಕರೆಯಬಹುದಿತ್ತು. ಸೇರುತ್ತಿರಲಿಲ್ಲ, ಅದು ಬೇರೆ ಮಾತು. ಬೇಡ ಎನ್ನುವ ಗೌರವ ನನಗೆ ಸಿಗಬೇಕಿತ್ತು. ಸೀಟು ಹೊಲಿದುಕೊಡು ಎಂದಷ್ಟೇ ಕೇಳಿದರು. ಹೊಲಿದುಕೊಟ್ಟೆ, ಚೆನ್ನಾಗಿಯೇ. ನನ್ನ ಅಸೂಯೆ ಯಾವತ್ತೂ ಹೊಲಿಗೆಗೆ ಇಳಿಯಲಿಲ್ಲ, ನಾಲಗೆಯಲ್ಲೇ ಉಳಿಯಿತು.

ಗಾಡಿ ಸಿದ್ಧವಾದಾಗ ಕನಕಪುರದ ಕಡೆಯ ಕಲ್ಲುಗಣಿ ಗುತ್ತಿಗೆದಾರರೊಬ್ಬರು ನೋಡಲು ಬಂದರು. ಒಪ್ಪಿದರೆ ತಮ್ಮ ಮೇಸ್ತ್ರಿಗಳಿಗೆಲ್ಲ ಅಂಥದ್ದೇ ಮಾಡಿಸುವುದಾಗಿ ಹೇಳಿದ್ದರು. ಹೊಗೆಕೊಳವೆಯನ್ನು ಸೀಟಿನ ಮಟ್ಟಕ್ಕೆ ಎತ್ತಿ, ಚಕ್ರದಿಂದ ಮಡ್‌ಗಾರ್ಡನ್ನು ಬಹಳ ಮೇಲೆ ಕೂರಿಸಿದ್ದ ಆ ಗಾಡಿ ಬೀದಿಯ ಮಧ್ಯದಲ್ಲಿ ನಿಂತಿತ್ತು. ಅದರ ಪಕ್ಕದಲ್ಲಿ ಗೆಳೆಯ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ, ಕೈ ಶುದ್ಧವಾಗಿಯೇ ಇದ್ದರೂ. ಗುತ್ತಿಗೆದಾರರು ಪೆಟ್ರೋಲ್ ಟ್ಯಾಂಕಿನ ಮೇಲೆ ಕೈಯಿಟ್ಟು, ಸುತ್ತ ನೆರೆದವರ ಕಡೆ ತಿರುಗಿ, "ಏನಪ್ಪಾ, ಹೆಂಗೈತೆ ಗಾಡಿ?" ಎಂದರು.

ಬೇರೆ ಯಾರೂ ಬಾಯಿ ಬಿಡಲಿಲ್ಲ. ನಾನು ಬಿಟ್ಟೆ.

"ಇದು ಗಾಡಿ ಅಲ್ಲ ಸ್ವಾಮಿ, ಒಂಟೆ. ಮೊದ್ಲು ಮಂಡಿ ಊರಿಸ್ಬೇಕು, ಆಮೇಲೆ ಹತ್ತಬೇಕು. ಒಂದ್ಸಲ ನೀರು ಕುಡಿಸಿದ್ರೆ ತಿಂಗ್ಳು ಓಡುತ್ತೆ."

ಬೀದಿಗೆ ಬೀದಿಯೇ ನಕ್ಕಿತು. ಗುತ್ತಿಗೆದಾರರೂ ನಕ್ಕರು. ನಗುತ್ತ ನಗುತ್ತಲೇ ಟ್ಯಾಂಕಿನ ಮೇಲಿನ ಕೈ ತೆಗೆದರು, "ನೋಡೋಣ" ಎಂದರು. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು "ನೋಡೋಣ" ಎಂದರೆ ಅದರ ಅರ್ಥವೇನೆಂದು ನಿಮಗೆ ಹೇಳಬೇಕಾಗಿಲ್ಲ. ನನ್ನ ಗೆಳೆಯನೂ ನಕ್ಕ. ಎಲ್ಲರಿಗಿಂತ ಕೊನೆಗೆ ನಕ್ಕು, ಎಲ್ಲರಿಗಿಂತ ಮೊದಲು ನಿಲ್ಲಿಸಿದ.

ಆ ಗಾಡಿಗೆ ಎರಡನೆಯದು ಹುಟ್ಟಲಿಲ್ಲ. ಕೆಲವು ತಿಂಗಳ ಮೇಲೆ ಮುನಿರಾಜಣ್ಣ ನಡುವಿನ ಗೋಡೆಯನ್ನು ಮತ್ತೆ ಎತ್ತಿಸಿದ. ನನ್ನ ಮಾತು ಮಾತ್ರ ಬೀದಿಯಲ್ಲಿ ಬೆಳೆಯಿತು. ಗಾಡಿ ಒಂಟೆಯಾಯಿತು, ಆಮೇಲೆ ಗ್ಯಾರೇಜು ಒಂಟೆ ಗ್ಯಾರೇಜಾಯಿತು, ಆಮೇಲೆ ಅವನೇ ಒಂಟೆಯಾದ. ಒಂದು ಸಂಜೆ ಅವನ ಮಗಳ ಸಹಪಾಠಿಗಳು ನನ್ನ ಅಂಗಡಿಗೆ ಬಂದು, "ಅಂಕಲ್, ಒಂಟೆ ಮಗಳ ಮನೆ ಯಾವ್ದು?" ಎಂದು ಕೇಳಿದರು. ನಾನು ದಬ್ಬಳ ಹಿಡಿದ ಕೈಯನ್ನೇ ಚಾಚಿ ತೋರಿಸಿದೆ. ಆ ಮಗುವಿನ ಹೆಸರೇನು ಎಂದು ನನಗೆ ಈವತ್ತಿಗೂ ಗೊತ್ತಿಲ್ಲ.

ಅವನು ನನ್ನೊಡನೆ ಜಗಳವಾಡಲಿಲ್ಲ. ಗ್ಯಾರೇಜಿಗೆ ಬಂದ ಗಾಡಿಗಳ ಸೀಟುಗಳನ್ನು ನನ್ನಲ್ಲಿಗೇ ಕಳಿಸುತ್ತಿದ್ದ. ಒಂದು ಸಲ ಮಾತ್ರ, ಹೊಲಿದ ಸೀಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತ.

"ಗೋವಿಂದ, ಬೈಬೇಡ ಅಂತ ನಾನು ಹೇಳಲ್ಲ. ಒಂದ್ಸಲ ಹತ್ತಿ ಬೈಬೋದಾಗಿತ್ತಲ್ಲೋ."

"ನಂಗೆಲ್ಲಿ ಓಡ್ಸಕ್ಕೆ ಬರುತ್ತೆ?" ಎಂದೆ.

"ಕೂತ್ಕೊಳಕ್ಕೆ ಬರುತ್ತಲ್ಲ. ನಾನು ಓಡಿಸ್ತಿದ್ದೆ."

ಅದಕ್ಕೆ ನಾನು ದಾರದ ಉಂಡೆ ಹುಡುಕುವವನ ಹಾಗೆ ಮೇಜಿನ ಕೆಳಗೆ ಬಗ್ಗಿದೆ. ಅವನು ಹೋಗುವವರೆಗೂ ಬಗ್ಗಿಯೇ ಇದ್ದೆ. ನೋಡಿ, ಕ್ಷಮೆ ಕೇಳಲು ಒದಗಿದ ಅತ್ಯುತ್ತಮ ಮುಹೂರ್ತವನ್ನು ನಾನು ಕಳೆದದ್ದು ಹೀಗೆ, ಮೇಜಿನ ಅಡಿಯಲ್ಲಿ. ಮಗಳ ಮದುವೆ ಮಾಡಿ, ಗ್ಯಾರೇಜು ಮುಚ್ಚಿ ಅವನು ಬಡಾವಣೆ ಬಿಟ್ಟುಹೋದ ದಿನವೂ ನನಗೆ ಎಲ್ಲೋ ತುರ್ತು ಕೆಲಸವಿತ್ತು.

ಹೋಟೆಲ್ಲಿನ ಮುಂದೆ ಇದೆಲ್ಲ ನೆನಪಿಗೆ ಬಂದು ನಾನು ಆರಿದ ಕಾಫಿ ಹಿಡಿದೇ ನಿಂತಿರುವಾಗ ಶ್ರುತಿ ಕೇಳಿದಳು. "ತಾತ, ಇವ್ರದ್ದಾಯ್ತು. ನೀವೇನಂತೀರ?"

"ನಾನು ಹತ್ತಿ ನೋಡಿಲ್ಲಮ್ಮ," ಎಂದೆ. ಜೀವಮಾನದಲ್ಲಿ ವಾಹನವೊಂದರ ಬಗ್ಗೆ ನಾನು ಆಡಿದ ಮೊದಲ ನಿಜ.

"ಅದಕ್ಕೇನಂತೆ? ಕೂತ್ಕೊಳ್ಳಿ, ನಾನು ಓಡಿಸ್ತೀನಿ."

ಅದೇ ಮಾತು ಇನ್ನೊಬ್ಬರ ಬಾಯಿಂದ ಕೇಳಿದ ಮೇಲೆ ಬಗ್ಗಲು ಅಲ್ಲಿ ಮೇಜೂ ಇರಲಿಲ್ಲ. ನನ್ನನ್ನು ಹತ್ತಿಸಿದ ಬಗೆಯನ್ನು ವಿವರಿಸಲಾರೆ. ಹೋಟೆಲ್ಲಿನ ಮೆಟ್ಟಿಲು, ಪವನನ ಭುಜ, ಇಮ್ರಾನನ ಅಂಗೈ, ಎಲ್ಲವೂ ಬಳಕೆಯಾದವು. ಪಂಚೆ ತನ್ನ ಪಾಡಿಗೆ ತಾನು ಒಂದು ನಿರ್ಧಾರಕ್ಕೆ ಬಂದಿತ್ತು. ಯಾರೋ ಫೋಟೋ ತೆಗೆದರು. ಒಂಟೆ ಹತ್ತುವವನ ಪಾಡು ಏನೆಂದು ಅಷ್ಟು ವರ್ಷಗಳ ಹಿಂದೆ ಬೀದಿಗೆಲ್ಲ ವರ್ಣಿಸಿದ್ದವನು ನಾನೇ ಅಲ್ಲವೇ?

ಕಲ್ಲುಮುಳ್ಳಿನ ದಾರಿ ಹುಡುಕಿಕೊಂಡು ಶ್ರುತಿ ಬೆಟ್ಟಕ್ಕೆ ಹೋಗಬೇಕಾಗಿರಲಿಲ್ಲ; ನೀರಿನ ಪೈಪಿಗೆಂದು ನಮ್ಮ ಬೀದಿಗಳನ್ನು ಅಗೆದು ಹಾಕಿದ್ದರು. ಹೊಂಡ ಬಂದಾಗಲೆಲ್ಲ ನಾನು ಉಸಿರು ಬಿಗಿಹಿಡಿದೆ. ಏಟು ಬರುತ್ತದೆಂದು ಕಾದ ಸೊಂಟಕ್ಕೆ ಏಟು ಬರಲಿಲ್ಲ. ಎತ್ತರ ಯಾತಕ್ಕೆಂದು ಸೊಂಟಕ್ಕೆ ತಿಳಿಯಿತು. ಕಾಂಪೌಂಡುಗಳ ಆಚೆಗಿನ ತುಳಸಿಕಟ್ಟೆಗಳು ಕಂಡವು, ಒಣಹಾಕಿದ ಹಪ್ಪಳ ಕಂಡಿತು. ಕಣ್ಣು ತೆರೆದೇ ಇತ್ತೆಂದು ಆಮೇಲೆ ಹೊಳೆಯಿತು.

ಇಳಿದ ಮೇಲೆ, "ಸೀಟು ಸ್ವಲ್ಪ ಗಟ್ಟಿ," ಎಂದೆ. ಅಷ್ಟು ಹೇಳುವ ಅಧಿಕಾರ ನನಗಿದೆ. ಗೆಳೆಯನ ಗಾಡಿಯೂ ಇಷ್ಟೇ ಚೆನ್ನಾಗಿತ್ತೆಂದು ಮಾತ್ರ ಹೇಳಲಾರೆ. ಅದು ಕೆಟ್ಟದ್ದೇ ಇದ್ದಿರಬಹುದು. ಗೊತ್ತಿಲ್ಲದೆ ಹಳಿದದ್ದಕ್ಕೆ ಈಗ ಗೊತ್ತಿಲ್ಲದೆ ಹೊಗಳುವುದು ಪರಿಹಾರವಾಗಲಾರದು.

ಅವನನ್ನು ನೋಡಲೇಬೇಕೆನ್ನಿಸಿತು. ಅವನು ಮಲ್ಲೇಶ್ವರದಲ್ಲಿ ಮಗಳ ಮನೆಯಲ್ಲಿದ್ದಾನೆಂದು ಮುನಿರಾಜಣ್ಣ ಹಿಂದೆ ಹೇಳಿ, ಅಪಾರ್ಟ್‌ಮೆಂಟಿನ ಗುರುತೂ ಕೊಟ್ಟಿದ್ದ. ಮರುದಿನವೇ ಬಾಳೆಹಣ್ಣು ಕೊಂಡು ಹೋದೆ. ಗೇಟಿನಲ್ಲಿ ರಾಯಚೂರಿನ ಕಡೆಯ ಕಾವಲುಗಾರನಿದ್ದ.

"ಯಾರ್ ಬೇಕ್ರೀ ಅಜ್ಜಾರ?"

"ಗುರು," ಎಂದೆ. ಒಂಟೆಯಾಗುವ ಮೊದಲು ಅವನನ್ನು ನಾನು ಕರೆಯುತ್ತಿದ್ದದ್ದು ಹಾಗೆ.

"ಯಾವ ಗುರು ರೀ? ಗುರುರಾಜ ಅದಾರ, ಗುರುಪ್ರಸಾದ ಅದಾರ, ಮ್ಯಾಲಿನ ಮನ್ಯಾಗ ಗುರುಮೂರ್ತಿ ಅದಾರ. ಪೂರಾ ಹೆಸರು ಹೇಳ್ರಿ."

ನಾನು ಬಾಯಿ ತೆರೆದೆ. ಹೆಸರು ಬರಲಿಲ್ಲ. ಬೆಂಗಳೂರಿನಲ್ಲಿ ಎದುರು ಸಿಕ್ಕವನೆಲ್ಲ ಗುರುವೇ. ನಾನು ಕರೆಯುತ್ತಿದ್ದದ್ದು ಅವನ ಹೆಸರನ್ನೋ, ಊರಿನ ಸಲಿಗೆಯನ್ನೋ ಎಂದು ನನಗೇ ಅನುಮಾನವಾಯಿತು. "ಗ್ಯಾರೇಜ್ ಇಟ್ಟಿದ್ರು," ಎಂದು ತೊದಲಿದೆ.

"ಗ್ಯಾರೇಜಿನವ್ರು ಇಲ್ಲಿ ಯಾರೂ ಇಲ್ರಿ. ಒಬ್ರು ಅಜ್ಜಾರು ಅದಾರ, ಮುಂಜಾನೆ ಗಿಡಕ್ಕ ನೀರ್ ಹಾಕ್ತಾರ. ಎಲ್ಲಾರೂ ಅವ್ರಿಗೆ ಸರ್ ಅಂತಾರ. ಅವ್ರೇನ್ರಿ?"

ನಾಲಗೆಯ ತುದಿಯಲ್ಲಿ ಒಂದೇ ಒಂದು ಪದವಿತ್ತು. ಅದನ್ನು ಹೇಳಿದ್ದರೆ ಈ ಮನುಷ್ಯ ಇಂಟರ್‌ಕಾಮಿನಲ್ಲಿ ಮನೆಮನೆಗೂ ಕೇಳುತ್ತಿದ್ದ, ಒಂಟೆ ಅನ್ನೋರು ನಿಮ್ಮ ಮನೇಲಿದಾರಾ ಎಂದು. ಇಡೀ ಊರಿನಲ್ಲಿ ಅವನು ಆ ಪದದಿಂದ ಪಾರಾಗಿ ಉಳಿದದ್ದು ಇದೊಂದು ಗೇಟಿನ ಒಳಗೆ. ನಾನು ಬಾಳೆಹಣ್ಣನ್ನು ಕಾವಲುಗಾರನ ಕೈಯಲ್ಲಿಟ್ಟು ವಾಪಸು ಬಂದೆ.

ಮುನಿರಾಜಣ್ಣನಿಗೆ ಫೋನ್ ಮಾಡಿದೆ. "ಒಂಟೆ ಹೆಸ್ರಾ? ಗುರು... ಗುರು ಏನೋ," ಎಂದ. "ಅವನ ಜೊತೆ ಓದಿದೋನು ನೀನು. ನನ್ನನ್ ಕೇಳ್ತೀಯಲ್ಲೋ."

ಹೌದು, ಜೊತೆಗೆ ಓದಿದವನು. ಅಂದಿನಿಂದ ನಡೆಯುವಾಗ, ಕೂರುವಾಗ ನಮ್ಮ ಮೇಷ್ಟ್ರ ದನಿಯಲ್ಲಿ ಹಾಜರಿ ಕೂಗಿಕೊಳ್ಳುತ್ತಿದ್ದೆ. ಗಂಗಪ್ಪ, ಗಂಗಾಧರ, ಗಣೇಶ. ಅಲ್ಲೊಂದು ತೊಡರು, ಆಮೇಲೆ ಗೋವಿಂದ, ಅಂದರೆ ನಾನು. ನಿನ್ನೆ ಬೆಳಿಗ್ಗೆ ಬಸವನಗುಡಿಯಲ್ಲಿ ರಸ್ತೆ ದಾಟುತ್ತಿರುವಾಗ ಆ ತೊಡರು ಬಿಚ್ಚಿತು. ಅವನ ಹೆಸರು ಎಷ್ಟು ಉದ್ದವಿತ್ತೆಂದರೆ, ಅದನ್ನು ಮುಗಿಸಿದ ಮೇಷ್ಟ್ರು ಒಂದು ಚಿಟಿಕೆ ನಶ್ಯ ಏರಿಸದೆ ನನ್ನ ಹೆಸರಿಗೆ ಬರುತ್ತಿರಲಿಲ್ಲ. ಒಂದು ದಿನ ಬೇಸತ್ತು, "ಇದು ಒಂದು ಹೆಸರೇನೋ, ಎರಡೋ?" ಎಂದು ಕೇಳಿದ್ದರು. ಅವನು ಎದ್ದು ನಿಂತು, "ಎರಡು ಸಾರ್. ಇಬ್ರು ತಾತಂದ್ರೂ ಜಗಳ ಆಡ್ಬಾರ್ದು ಅಂತ ಸೇರಿಸಿಟ್ರು," ಎಂದಿದ್ದ. ಆಗಲೂ ತರಗತಿ ನಕ್ಕಿತ್ತು. ಆ ನಗುವನ್ನು ಎಬ್ಬಿಸಿದವನು ಅವನು, ಅವನ ಮುಖ ಬೆಳಗಿತ್ತು.

ನಾಳೆ ಮತ್ತೆ ಮಲ್ಲೇಶ್ವರಕ್ಕೆ ಹೋಗುತ್ತೇನೆ. ಮೇಲೆ ಹೋಗಿ ಏನು ಹೇಳಬೇಕೋ ಇನ್ನೂ ಹೊಳೆದಿಲ್ಲ; ಅವನು ಬಾಗಿಲು ತೆರೆಯುತ್ತಾನೋ ಇಲ್ಲವೋ ಅದೂ ಗೊತ್ತಿಲ್ಲ. ಗೇಟಿನಲ್ಲಿ ಮಾತ್ರ ತಡವರಿಸಬಾರದೆಂದು ಇಲ್ಲೊಮ್ಮೆ ಬರೆಯುತ್ತಿದ್ದೇನೆ. ನಾನು ನೋಡಬೇಕಾದವರು ಗುರುಸಿದ್ದಮಲ್ಲಪ್ಪ.