ಚಂದ್ರಿಕೆಯ ಮೇಲೆ ಹದಿಮೂರರಲ್ಲಿ ಐದು

ಕೊರೊನಾ ರಜೆ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ ನಾನು ಶಿಡ್ಲಘಟ್ಟ ತಾಲ್ಲೂಕು ಸಾದಲಿ ಹೋಬಳಿಯ ಒಂದು ಹಳ್ಳಿಯಲ್ಲಿ ಕಿರಿಯ ಪ್ರಾಥಮಿಕ ಶಾಲೆಯ ಸಹಶಿಕ್ಷಕಿಯಾಗಿದ್ದೆ. ಒಂದರಿಂದ ಮೂರನೇ ತರಗತಿವರೆಗಿನ ಹದಿನೇಳು ಮಕ್ಕಳು ಒಂದೇ ಕೋಣೆಯಲ್ಲಿ ನನ್ನ ಪಾಲಿಗಿದ್ದರು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ದಿನವೂ ಚಿಕ್ಕಬಳ್ಳಾಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಆ ಹಳ್ಳಿಯ ವಿಷಯದಲ್ಲಿ ನನಗೆ ಸರಿಯಾಗಿ ಗೊತ್ತಿದ್ದುದು ವಾಪಸು ಬಸ್ಸಿನ ಟೈಮು ಮಾತ್ರ.

ಎರಡು ವರ್ಷ ಸ್ಲೇಟು ಮುಟ್ಟದ ಮಕ್ಕಳಿಗೆ ಕೂಡುವುದು ಕಳೆಯುವುದು ಮರೆತುಹೋಗಿದ್ದು ದೊಡ್ಡದಲ್ಲ, ಪೆನ್ಸಿಲ್ ಹಿಡಿಯುವುದೇ ಮರೆತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಒಟ್ಟಾಗಿ ಮಾಡುವ ನಾಜೂಕಿನ ಕೆಲಸಕ್ಕೆ ತರಬೇತಿಗಳಲ್ಲಿ ಫೈನ್ ಮೋಟರ್ ಸ್ಕಿಲ್ ಎನ್ನುತ್ತಾರೆ. ಲೆಕ್ಕ, ಬೆರಳ ಹಿಡಿತ ಎರಡನ್ನೂ ಒಟ್ಟಿಗೆ ಕಲಿಸಲೆಂದು ನಮಗೊಂದು ಕಿಟ್ ಬಂತು. ಬಣ್ಣದ ಮಣಿ, ದಾರ, ಅಂಕಿ ಬರೆದ ಕ್ಲಿಪ್ಪು, ಪುಟ್ಟ ಚಿಮುಟ. ಒಳ್ಳೆಯ ಸಾಮಾನೇ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ನಮ್ಮ ಮುಖ್ಯ ಶಿಕ್ಷಕರು ಒಂದು ಮಣಿ ಕಳೆದರೂ ಜವಾಬು ತಾವೇ ಕೊಡಬೇಕೆಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ತಿಂಗಳಿಗೊಮ್ಮೆ ಹೊರಗೆ ತೆಗೆದು, ಮಕ್ಕಳನ್ನು ಸುತ್ತ ಕೂರಿಸಿ, ಫೋಟೊ ಹೊಡೆದು, ಗ್ರೂಪಿಗೆ ಹಾಕಿ ಮತ್ತೆ ಒಳಗಿಡುತ್ತಿದ್ದರು. ಆ ಫೋಟೊಗೆ ಇಲಾಖೆಯ ಮೇಲಿನ ಸಾಹೇಬರು ಹೆಬ್ಬೆರಳು ಎತ್ತಿದ ಚಿಹ್ನೆ ಕಳಿಸುತ್ತಿದ್ದರು. ಇಡೀ ವ್ಯವಸ್ಥೆಯಲ್ಲಿ ಕೆಲಸ ಸಿಕ್ಕಿದ್ದು ಅವರೊಬ್ಬರ ಹೆಬ್ಬೆರಳಿಗೇ.

ಇವರನ್ನೆಲ್ಲ ಮನಸ್ಸಿನಲ್ಲೇ ಉಗಿಯುತ್ತಾ ನಾನು ಮಾಡಿದ್ದೇನು? ವಿಶೇಷ ಅಗತ್ಯದ ಮಕ್ಕಳ ಪಟ್ಟಿ ಕೇಳಿದಾಗ ಮೂರನೇ ತರಗತಿಯ ಪವಿತ್ರಳ ಹೆಸರು ಬರೆದೆ. ಅವಳು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಕಾಗದ ಹರಿಯುವಂತೆ ಗೀಚುತ್ತಿದ್ದಳು, ಲೆಕ್ಕ ಕೇಳಿದರೆ ತಲೆ ಬಗ್ಗಿಸುತ್ತಿದ್ದಳು. ಹೆಸರು ಖಾಯಂ ಆದರೆ ಅವಳಿಗೆ ಮನೆಯಲ್ಲೇ ಪಾಠ. ಕಾಗದದ ಮೇಲೆ ಅದು ಚೆನ್ನಾಗಿತ್ತು. ನಮ್ಮ ಕಡೆ ನಡೆಯುತ್ತಿದ್ದ ಮಟ್ಟಿಗೆ ಹೇಳುವುದಾದರೆ, ಯಾರೋ ಯಾವಾಗಲೋ ಬಂದು ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು, ಮಗುವಿನ ಶಾಲೆ ಅಲ್ಲಿಗೆ ಮುಗಿಯುತ್ತಿತ್ತು. ಅದು ಗೊತ್ತಿದ್ದೂ ಬರೆದೆ.

ಒಪ್ಪಿಗೆ ಫಾರಂಗೆ ತಾಯಿಯ ಸಹಿ ಹಾಕಿಸಲೆಂದು ಅವರ ಮನೆಗೆ ಹೋದಾಗ ತಾಯಿ ಮಂಜುಳಮ್ಮ ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸುತ್ತಿದ್ದಳು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ, ಅದರ ಮೇಲೆ ಸುರುಳಿಯಾಗಿ ಬಿದಿರ ಪಟ್ಟಿಯ ಓಣಿಗಳಿರುತ್ತವೆ. ಪಕ್ಕದಲ್ಲಿ ಕೂತ ಪವಿತ್ರ ಮೂರೇ ಬೆರಳಲ್ಲಿ ಗೂಡು ಹಿಡಿದು, ಅಮುಕದೆ, ನವಿರಾಗಿ ತಿರುಗಿಸಿ ಬಿಡಿಸುತ್ತಿದ್ದಳು. ಕಲೆ ಬಿದ್ದದ್ದು ಬೇರೆ, ಒಳ್ಳೆಯದು ಬೇರೆ. ಪೆನ್ಸಿಲಿಗೆ ಬೇಕಾದ್ದು ಅದೇ ಮೂರು ಬೆರಳು. ಫಾರಂ ಮಡಿಸಿ ಬ್ಯಾಗಿನಲ್ಲಿಟ್ಟೆ. ಪಟ್ಟಿ ಆಗಲೇ ಮೇಲಕ್ಕೆ ಹೋಗಿತ್ತು, ಮುಂದಿನ ತಿಂಗಳು ಸಾಹೇಬರು ಬಂದು ಪರೀಕ್ಷಿಸುವವರಿದ್ದರು. ಅಷ್ಟರೊಳಗೆ ಈ ಹುಡುಗಿ ಲೆಕ್ಕ ಮಾಡಿ ಬರೆಯಬೇಕಿತ್ತು.

ಬರುವಾಗ ಊರಾಚೆ ಹುಣಸೆಮರದ ಕೆಳಗೆ ಒಂದು ಹಳೆಯ ಚಂದ್ರಿಕೆ, ಒಂದು ಚೀಲ ಕೆಟ್ಟ ಗೂಡು ಬಿದ್ದಿದ್ದವು. ಯಾರನ್ನೂ ಕೇಳದೆ ಶಾಲೆಗೆ ತಂದೆ. ಬೀಗವಿಲ್ಲದ ಕಿಟ್ ಸಿಕ್ಕಿತೆಂದು ನನಗೆ ಜಂಬ. ಚಂದ್ರಿಕೆಯನ್ನು ನೆಲದ ಮೇಲಿಟ್ಟು ಆಟ ಶುರುಮಾಡಿದೆ. ಓಣಿಯಲ್ಲಿ ಎಂಟು ಗೂಡು ಇಡು, ಐದು ಸೇರಿಸು, ಎಣಿಸು. ಹದಿಮೂರರಲ್ಲಿ ಐದು ತೆಗೆ, ಉಳಿದದ್ದು ಹೇಳು. ಉಂಗುರಬೆರಳು, ಕಿರುಬೆರಳುಗಳಲ್ಲಿ ಒಂದು ಹುಣಸೆಬೀಜ ಮಡಚಿ ಹಿಡಿದಿರಬೇಕು, ಅದು ಬಿದ್ದರೆ ಸರದಿ ಹೋಯಿತು. ಹಾಗೆ ಹಿಡಿದರೆ ಉಳಿದ ಮೂರೇ ಬೆರಳು ಕೆಲಸ ಮಾಡುತ್ತವೆ. ಒಂದು ವಾರದಲ್ಲಿ ಪವಿತ್ರ ಹತ್ತರೊಳಗಿನ ಲೆಕ್ಕ ತಡವರಿಸದೆ ಹೇಳಿದಳು.

ಎರಡನೇ ವಾರ ನಾಲ್ಕೇ ಮಕ್ಕಳು ಬಂದರು. ಪವಿತ್ರಳೂ ಇಲ್ಲ. ಆ ಚಂದ್ರಿಕೆ ರೋಗ ಬಿದ್ದ ಮನೆಯದಂತೆ, ಅದಕ್ಕೇ ಊರಾಚೆ ಎಸೆದಿದ್ದರಂತೆ. ಅದನ್ನು ಮುಟ್ಟಿದ ಮಕ್ಕಳು ಮನೆಗೆ ಹೋದರೆ ಹುಳು ಸಾಯುತ್ತವೆಂದು ಊರಿನವರ ಮಾತು. ಇವರ ಮೂಢನಂಬಿಕೆಗೆ ಮದ್ದಿಲ್ಲ ಎಂದು ನಾನು ಮುಖ್ಯ ಶಿಕ್ಷಕರೆದುರು ಮೂಗು ಮುರಿದೆ. ಅವರು ಸಂತೋಷವಾಗಿ ಬೀರುವಿನ ಕಡೆ ನೋಡಿದರು.

ಮಧ್ಯಾಹ್ನ ಮಂಜುಳಮ್ಮನೇ ಬಂದಳು. ಬಾಗಿಲಾಚೆಯೇ ನಿಂತಳು, ಒಳಗೆ ಕಾಲಿಡಲಿಲ್ಲ.

"ಮೇಡಂ, ಅದು ಸುಣ್ಣಕಟ್ಟು ರೋಗ. ಹುಳು ಸತ್ತು ಸುಣ್ಣದ ಕಡ್ಡಿ ತರ ಆಗ್ತದೆ. ಆ ಪುಡಿ ಬಟ್ಟೆಗಂಟ್ಕೊಂಡ್ ಬಂದ್ರೆ ಸಾಕು, ಹುಳುಮನೆಯೆಲ್ಲಾ ಖಾಲಿ. ನಿಮಗೆ ಗೊತ್ತಿಲ್ದಿದ್ರೆ ಯಾರನ್ನಾದ್ರೂ ಕೇಳ್ಬೋದಿತ್ತಲ್ಲಮ್ಮ."

ಇದು ಮೂಢನಂಬಿಕೆಯಲ್ಲ, ಅಪ್ಪಟ ವಿಜ್ಞಾನ. ಮೂವತ್ತು ವರ್ಷ ಪಾಠ ಮಾಡಿದ ನನಗಿಲ್ಲದ ತಿಳಿವಳಿಕೆ. ನಾನು ಅವರ ಮನೆಗೆ ಹೋದ ದಿನವೇ ಚಂದ್ರಿಕೆ ತಂದದ್ದರಿಂದ, ಪವಿತ್ರಳಿಂದಲೇ ಇದೆಲ್ಲ ಆಯಿತೆಂದು ಊರವರು ಆಡಿಕೊಳ್ಳುತ್ತಿದ್ದಾರೆ ಎಂದೂ ಅವಳು ಹೇಳಿದಳು. ನಾಚಿಕೆಯಾಯಿತು.

ಮುಂದಿನ ಕೆಲಸವನ್ನೆಲ್ಲ ನಡೆಸಿದವಳು ಅವಳೇ. ಚಂದ್ರಿಕೆಯನ್ನೂ ಗೂಡನ್ನೂ ಸುಡಿಸಿದಳು. ಕೋಣೆಗೆ ಬ್ಲೀಚಿಂಗ್ ನೀರು ಹೊಡೆಸಿ ಎರಡು ದಿನ ಬಾಗಿಲು ತೆರೆದಿಡಿಸಿದಳು. ಮನೆಯಲ್ಲಿದ್ದ, ಇನ್ನೂ ಹುಳು ಕಾಣದ ಹೊಸ ಚಂದ್ರಿಕೆಯೊಂದನ್ನು ಶಾಲೆಗೆ ಕೊಟ್ಟಳು. ಗೂಡಿನ ಬದಲು ಬೇವಿನ ಬೀಜ. ಆಮೇಲೆ ಮನೆಮನೆಗೆ ಹೋಗಿ, ಮಕ್ಕಳನ್ನು ಕಳಿಸಿ, ಏನಾದರೂ ಆದರೆ ನನ್ನನ್ನು ಕೇಳಿ ಎಂದಳಂತೆ. ಸೋಮವಾರ ಹದಿನೇಳೂ ಮಕ್ಕಳು ಕೂತಿದ್ದರು. ಆಟ ಮತ್ತೆ ಶುರುವಾಯಿತು, ಹುಣಸೆಬೀಜ ಮಡಚಿದ ಕೈಗೇ ಪೆನ್ಸಿಲನ್ನೂ ಕೊಟ್ಟು ಅಂಕಿ ಬರೆಸತೊಡಗಿದೆ.

ಸಾಹೇಬರು ಬಂದ ದಿನ ಮುಖ್ಯ ಶಿಕ್ಷಕರು ಮೊದಲು ಕಾಫಿ ತರಿಸಿದರು, ನಂತರ ಕಿಟ್ ತೆಗೆದರು. ಒಂದು ಮಣಿಯೂ ಕಳೆದಿಲ್ಲವೆಂದು ಸಾಹೇಬರು ಮೆಚ್ಚಿಕೊಂಡರು. ಬಳಸದ ವಸ್ತು ಕಳೆಯುವುದಾದರೂ ಹೇಗೆ ಎಂದು ಅವರಿಗೆ ಹೊಳೆಯಲಿಲ್ಲ. ಚಂದ್ರಿಕೆ ನೋಡಿ, ಈ ಕಸ ಯಾಕೆ ಇಲ್ಲಿ ಎಂದರು. ಕಡೆಗೆ ಪಟ್ಟಿ ಬಿಚ್ಚಿ ಪವಿತ್ರಳನ್ನು ಕರೆದು, ಮೊಬೈಲ್ ನೋಡುತ್ತಲೇ ಕಾಗದದಲ್ಲಿ ಹದಿಮೂರರಲ್ಲಿ ಐದು ಕಳೆಯುವ ಲೆಕ್ಕ ಬರೆದುಕೊಟ್ಟರು.

ಪವಿತ್ರ ಕಾಗದ ನೋಡಿದಳು. ಗೋಡೆ ಕಡೆ ತಿರುಗಿ, ಖಾಲಿ ಗಾಳಿಯಲ್ಲಿ ಮೂರು ಬೆರಳಿಂದ ಒಂದೊಂದಾಗಿ ಐದು ಸಲ ಏನನ್ನೋ ಬಿಡಿಸಿದಳು. ಪೆನ್ಸಿಲ್ ತೆಗೆದುಕೊಂಡು ಎಂಟು ಬರೆದಳು. ಅಂಕಿ ಸೊಟ್ಟಗಿತ್ತು. ಕಾಗದ ಹರಿದಿರಲಿಲ್ಲ.

ಸಾಹೇಬರು ಕಾಗದ, ಪಟ್ಟಿ ಎರಡನ್ನೂ ನೋಡಿದರು. ಅಷ್ಟು ಹೊತ್ತಿನಲ್ಲಿ ಅವರು ಮೊಬೈಲ್ ಕೆಳಗಿಟ್ಟದ್ದು ಅದೊಂದೇ ಸಲ. ಹೆಸರಿನ ಮೇಲೆ ಗೆರೆ ಎಳೆದು ನನ್ನನ್ನು ಕೇಳಿದರು:

"ಚೆನ್ನಾಗೇ ಮಾಡ್ತಾಳಲ್ಲ ಮೇಡಂ. ಮತ್ಯಾಕೆ ಇವಳ ಹೆಸರು ಬರೆದಿದ್ರಿ?"

ನನ್ನ ವೃತ್ತಿ ಕಲಿಸಿದ್ದು ಇಷ್ಟು: ಮೇಲಿನವರನ್ನು ಹೀಗಳೆಯುವುದು ಸುಲಭ, ಅವರು ಅದಕ್ಕೆ ಯೋಗ್ಯರೂ ಹೌದು. ಆದರೆ ಅವರನ್ನು ಹೀಗಳೆದ ಮಾತ್ರಕ್ಕೆ ನಮ್ಮ ಕೆಲಸ ಮಾಡಿದಂತಾಗುವುದಿಲ್ಲ. ನಾನು ಕವಡೆ ಕಿಮ್ಮತ್ತು ಕೊಡದಿದ್ದ ಆ ಮನುಷ್ಯ ಅಂದು ಕೇಳಿದ್ದು ಒಂದೇ ಸರಿಯಾದ ಪ್ರಶ್ನೆ. ಪೆನ್ಸಿಲ್ ಹಿಡಿದು ಪಕ್ಕದಲ್ಲೇ ನಿಂತಿದ್ದ ಪವಿತ್ರಳೂ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು.