ಕೊಟ್ರಪ್ಪನ ಬಂದೂಕಿಗೆ ಬಾಯಿಕುಕ್ಕೆ

“ಖೊಟ್ಟಿ ಮಾಲು ಮಾರಿ ನನ್ನ ಕಣ್ಣು ತಪ್ಪಿಸಿ ಹೋಗಾಂವ ಗದಗ-ಬೆಟಗೇರಿಯಿಂದ ಹಿಡದು ತುಂಗಭದ್ರಾ ದಂಡಿತನಕ ಇನ್ನೂ ಹುಟ್ಟಿಲ್ಲ. ಹುಟ್ಟಿದ್ರೂ ಅಂವಗ ಇನ್ನೂ ಹಲ್ಲು ಬಂದಿಲ್ಲ!”

ಸಿಂಗಟಾಲೂರಿನ ಕಡೆಯ ನಮ್ಮ ಕೊಟ್ರಪ್ಪ ಹೀಗೆ ಸಾರಿದಾಗಲೆಲ್ಲ ಚಹಾದಂಗಡಿಯಲ್ಲಿ ಕೂತವರು ತಲೆಯಾಡಿಸುತ್ತಿದ್ದರು. ಆಡಿಸದೆ ಮತ್ತೇನು ಮಾಡಬೇಕು? ಬದನೆಕಾಯಿ ಕೊಳ್ಳುವಾಗಲೂ ಅದರ ಕುಲಗೋತ್ರ ವಿಚಾರಿಸುವ ಮನುಷ್ಯ ಅವನು. ಎಮ್ಮೆ ಕೊಳ್ಳಲು ಹೋದರೆ ಎಮ್ಮೆಯ ಬಾಯಿ ಬಿಡಿಸಿ ನೋಡಿ, ಆಮೇಲೆ ಮಾರುವವನ ಬಾಯನ್ನೂ ಬಿಡಿಸಿ ನೋಡುತ್ತಿದ್ದ. ಅವನು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದರೆ ಸಾಕು, ಕೊಳೆತ ಕಾಯಿ ತಾನಾಗಿಯೇ ತಪ್ಪೊಪ್ಪಿಕೊಳ್ಳುತ್ತಿತ್ತು ಎಂದು ಹೇಳುವವರಿದ್ದರು. ಹೇಳುವವನು ಹೆಚ್ಚಾಗಿ ಅವನೇ.

ಕೊಟ್ರಪ್ಪನ ಹತ್ತಿರ ಅಜ್ಜನ ಕಾಲದ ಒಂಟಿ ನಳಿಗೆಯ ಬಂದೂಕು ಇತ್ತು. ಬೆಳೆ ಕಾಯಲೆಂದು ಕೊಟ್ಟ ಪರವಾನಗಿ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವನಿಗೆ ಬಂದಿತ್ತು. ಹೊಲವನ್ನು ಅಣ್ಣತಮ್ಮಂದಿರು ಹಂಚಿಕೊಂಡರು, ಬಂದೂಕನ್ನು ಕೊಯ್ದು ಹಂಚಲಾಗಲಿಲ್ಲ. ಹಾಗಾಗಿ ಊರಲ್ಲಿ ಎಷ್ಟೋ ಮಂದಿಗೆ ಹೊಲವಿತ್ತು, ಮೀಸೆಯೂ ಇತ್ತು. ಬಂದೂಕು ಇದ್ದದ್ದು ಕೊಟ್ರಪ್ಪನೊಬ್ಬನಿಗೇ. ಅದು ಕೈತಪ್ಪಿದರೆ ತಾನು ಬರೀ ಮೀಸೆ ಎನ್ನುವುದು ಅವನಿಗೂ ಗೊತ್ತಿತ್ತು.

ಅದರ ಸಪ್ಪಳವೋ, ಕೇಳಬೇಡಿ. ಗೋವಿನಜೋಳಕ್ಕೆ ಕಾಡುಹಂದಿ ಬಂದವೆಂದು ಅವನು ಆಕಾಶಕ್ಕೆ ಒಂದು ಗುಂಡು ಹಾರಿಸಿದರೆ ಅತ್ತ ಅಂತೂರ ಬೆಂತೂರದಲ್ಲಿ ಕೂಸುಗಳು ತೊಟ್ಟಿಲಲ್ಲಿ ಮಗ್ಗಲು ಬದಲಿಸುತ್ತಿದ್ದವು. ದೂರದೇಶದಿಂದ ನಮ್ಮ ಕಡೆಯ ಮಾಗಡಿ ಕೆರೆಗೆ ಬಂದಿಳಿದ ಬಾತುಗಳು ವಾಪಸು ಹೋಗುವ ದಾರಿ ವಿಚಾರಿಸುತ್ತಿದ್ದವು. ಹಂದಿಗಳಂತೂ ಒಂದೇ ಓಟಕ್ಕೆ ಹೊಳೆ ದಾಟಿ ಬೇರೆ ಜಿಲ್ಲೆಯ ನಿವಾಸಿಗಳಾಗಿಬಿಡುತ್ತಿದ್ದವು.

ತೊಂದರೆ ಬಂದದ್ದು ಎಮ್ಮೆಯಿಂದ. ಕೊಟ್ರಪ್ಪನ ಹೊಲ ಮನೆಯ ಹಿತ್ತಲಿಗೇ ಹತ್ತಿಕೊಂಡಿತ್ತು. ಗುಂಡು ಹಾರಿದ ದಿನ ಎಮ್ಮೆ ಬೆದರಿ, ಕಾಲು ಝಾಡಿಸಿ, ಒಂದು ಹನಿ ಹಾಲು ಬಿಡುತ್ತಿರಲಿಲ್ಲ. ಅವನ ಹೆಂಡತಿ ಸುಮಿತ್ರವ್ವ ಒಂದು ಮುಂಜಾನೆ ಖಾಲಿ ಚರಿಗೆ ತಂದು ಗಂಡನ ಮುಂದೆ ಕುಕ್ಕಿದಳು.

“ನೋಡ್ರಿ, ಈ ಮನ್ಯಾಗ ಎಮ್ಮಿ ಇರಬೇಕು, ಇಲ್ಲಾ ಬಂದೂಕ ಇರಬೇಕು. ಎಮ್ಮಿ ಎರಡೂ ಹೊತ್ತು ಹಾಲು ಕೊಡತೈತಿ. ನಿಮ್ಮ ಬಂದೂಕ ಏನ್ ಕೊಡತೈತಿ?”

“ಮರ್ಯಾದಿ ಕೊಡತೈತಿ.”

“ಹಂಗಾರ ನಾಳಿಂದ ಚಹಾಕ್ಕ ಮರ್ಯಾದಿ ಹಾಕಿ ಕುದಸ್ತೀನಿ, ಕುಡೀರಿ. ಇನ್ನೊಮ್ಮೆ ಎಮ್ಮಿ ಬೆದರ್ತಂದ್ರ ಆ ಬಂದೂಕ ನಾನ ಹೊತ್ತೊಯ್ದು ಠಾಣ್ಯಾಗ ಕೊಟ್ಟ ಬರ್ತೀನಿ. ಲೈಸೆನ್ಸೂ ಬ್ಯಾಡ ಅಂತ ಹೇಳಿ ಬರ್ತೀನಿ.”

ಸುಮಿತ್ರವ್ವ ಆಡಿದ ಮಾತು ಮಾಡದೆ ಬಿಟ್ಟ ಉದಾಹರಣೆ ಊರಿನ ಇತಿಹಾಸದಲ್ಲೇ ಇರಲಿಲ್ಲ. ಕೊಟ್ರಪ್ಪ ಮೀಸೆ ತಿರುವುತ್ತ ಯೋಚನೆಗೆ ಕೂತ. ಯಾವುದೋ ಸಿನಿಮಾದಲ್ಲಿ ಖಳನಾಯಕ ಬಂದೂಕಿನ ತುದಿಗೆ ಕರೀ ಕೊಳವೆ ತಿರುಗಿಸಿ ‘ಫುಸ್’ ಎಂದು ಗುಂಡು ಹೊಡೆದದ್ದು, ಪಕ್ಕದ ಕೋಣೆಯಲ್ಲಿ ಮಲಗಿದವನ ಗೊರಕೆಯೂ ನಿಲ್ಲದೆ ಹೋದದ್ದು ನೆನಪಾಯಿತು. ಎತ್ತಿಗೆ ಬಾಯಿಕುಕ್ಕೆ ಕಟ್ಟಿದಂತೆ ಬಂದೂಕಿಗೂ ಒಂದು ಕಟ್ಟಿದರೆ ಎಮ್ಮೆಯೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಮರುದಿನವೇ ಬೆಟಗೇರಿಯ ಬಸ್ಸು ಹತ್ತಿದ.

ಬೆಟಗೇರಿಯ ರಹಮಾನಸಾಬರು ಪರವಾನಗಿ ಪಡೆದ ಬಂದೂಕು ರಿಪೇರಿಯವರು. ಕೊಟ್ರಪ್ಪನ ಅಪ್ಪನ ಕಾಲದಿಂದ ಪರಿಚಯ. ಬಂದೂಕಿಗಿಂತ ಹೆಚ್ಚಾಗಿ ಬಂದೂಕಿನ ಮಾಲೀಕರನ್ನು ರಿಪೇರಿ ಮಾಡಬೇಕಾಗುತ್ತದೆ ಎಂದು ಗೊಣಗುವ ಮನುಷ್ಯ.

“ಸಾಬರ, ಒಂದು ಸೈಲೆನ್ಸರ್ ಬೇಕಾಗಿತ್ರಿ. ಛಲೋದು ಕೊಡ್ರಿ, ಫಾರಿನ್ನಿನದು.”

ರಹಮಾನಸಾಬರು ಕನ್ನಡಕ ತೆಗೆದರು. “ಕೊಟ್ರಪ್ಪಣ್ಣಾರ, ಗುಂಡು ಹೊಡದಾಗ ಸಪ್ಪಳ ಎಲ್ಲಿಂದ ಬರತೈತಿ, ಗೊತ್ತೈತೇನ್ರಿ?”

“ಬಂದೂಕದಾಗಿಂದ.”

“ಭಾಳ ಶಾಣ್ಯಾ ಇದ್ದೀರಿ. ಮದ್ದು ಸುಟ್ಟು ಬಿಸಿ ಗಾಳಿ ಆಗತೈತಿ. ಅದು ನಳಿಗಿ ಬಾಯಾಗಿಂದ ಒಮ್ಮಿಂದೊಮ್ಮೆ ಹೊರಗ ಧುಮುಕ್ತೈತಿ. ಅದರದ ಆ ಧಡಾಕಿ. ನೀವು ಕೇಳೂ ಕೊಳವಿಯೊಳಗ ಸಾಲಾಗಿ ಸಣ್ಣ ಸಣ್ಣ ಖೋಲಿ ಇರ್ತಾವು. ಗಾಳಿ ಒಂದೊಂದು ಖೋಲ್ಯಾಗ ಕುಂತು, ದಮ್ಮ ತಗೊಂಡು, ತಣ್ಣಗಾಗಿ ಹೊರಗ ಬರತೈತಿ. ಅದಕ್ಕ ಸಪ್ಪಳ ಕಡಿಮಿ ಆಗತೈತಿ. ಕಡಿಮಿ, ತಿಳೀತಲ್ಲ? ಇಲ್ಲದಂಗ ಆಗೂದಿಲ್ಲ. ಸಿನಿಮಾದಾಗ ಫುಸ್ ಅಂತೈತಲ್ಲ, ಅದು ಅಪ್ಪಟ ಸುಳ್ಳ. ಅದನ್ನ ಹಾಕಿ ಹೊಡದ್ರೂ ನಿಮ್ಮ ಎಮ್ಮಿ ಎದ್ದು ನಿಂತು ಯಾರದು ಅಂತ ಕೇಳತೈತಿ.”

“ಅಷ್ಟ ಕಡಿಮಿ ಆದ್ರೂ ಸಾಕ್ರಿ.”

“ಮುಂದ ಕೇಳ್ರಿ. ಗುಂಡು ಸಪ್ಪಳಕ್ಕಿಂತ ಜೋರ ಓಡತಿದ್ರ ಅದು ಗಾಳಿ ಸೀಳಿಕೊಂತ ಬಾರಕೋಲು ಬೀಸಿದಂಗ ಬ್ಯಾರೇನ ಸಪ್ಪಳ ಮಾಡತೈತಿ. ಅದಕ್ಕ ಯಾವ ಕೊಳವಿನೂ ಏನೂ ಮಾಡಂಗಿಲ್ಲ. ಮ್ಯಾಲ ಒಂದೊಂದು ನಳಿಗಿಗೆ ಒಂದೊಂದು ಅಳತಿ. ಕೂದಲೆಳಿಯಷ್ಟು ಸೊಟ್ಟ ಕುಂತ್ರ ಗುಂಡು ಅದಕ್ಕ ಬಡದು ತುಕಡಿ ಎಲ್ಲಾ ಹೊಡದಾಂವನ ಮಕಕ್ಕ. ಕೆಲವು ಹೊರದೇಶದಾಗ ಬೇಟೆಗಾರರು ಕಿವಿ ಉಳಿಸಿಕೊಳ್ಳಾಕ ಕಾಗದಪತ್ರ ಮಾಡಿಸಿ ತಗೋತಾರ. ನಮ್ಮ ಕಾಯ್ದೇದಾಗ ಆ ಕೊಳವೀನ ಒಂದು ಬಂದೂಕ ಇದ್ದಂಗ. ಪರವಾನಗಿ ಇಲ್ಲದ ಇಟ್ಕೊಂಡ್ರ ಜೈಲು. ನಿಮ್ಮಂಥಾವ್ರಿಗೆ ಆ ಪರವಾನಗಿ ಸಿಗೂದೂ ಇಲ್ಲ. ಮೊದಲನೇ ಸಲ ಕೊಳ್ಳಾಕ ಬಂದಾವ್ರಿಗೆ ನಾ ಹೇಳೂದು ಒಂದ ಮಾತು: ಕೊಳ್ಳಬ್ಯಾಡ್ರಿ, ಚಹಾ ಕುಡದು ಹೋಗ್ರಿ.”

ಚಹಾ ಬಂತು. ಸಾಬರು ಬಸಿಗೆ ಸುರಿದುಕೊಳ್ಳುತ್ತ ಕೇಳಿದರು, “ಅಲ್ರಿ, ಎಲ್ಲಿ ನಿಂತು ಹೊಡೀತೀರಿ?”

“ಹಿತ್ತಲದಾಗ. ಹಗ್ಗದ ಹೊರಸಿನ ಮ್ಯಾಲ ಕುಂತು.”

“ಎಮ್ಮಿ ಎಲ್ಲಿ ಕಟ್ಟೀರಿ?”

“ಹೊರಸಿನ ಬಾಜೂಕ.”

“ಎದ್ದು ಹೊಲದ ಆ ತುದಿಗೆ ಹೋಗಿ ಹೊಡೀರೀ ಮಾರಾಯರ! ದೂರ ಅನ್ನೂದಕ್ಕಿಂತ ಛಲೋ ಸೈಲೆನ್ಸರ್ ಯಾವ ದೇಶದಾಗೂ ತಯಾರಾಗಿಲ್ಲ. ಅಲ್ಲದ ಹಂದಿ ಓಡೂದು ಸಪ್ಪಳಕ್ಕ. ಸಪ್ಪಳಿಲ್ಲದ ಹೊಡದ್ರ ಅವು ನಿಮಗ ಊಟಾ ಆತೇನ್ರಿ ಅಂತ ಕೇಳಾಕ ಬರ್ತಾವು.”

ಕೊಟ್ರಪ್ಪನಿಗೆ ಅಪಮಾನವಾಯಿತು. ಹೊರಸು ಬಿಟ್ಟು ನಡೆದುಹೋಗಿ ಗುಂಡು ಹೊಡೆಯುವುದಾದರೆ ಬಂದೂಕು ಇದ್ದೂ ಏನು ಸುಖ? ಸಾಬರ ಹತ್ತಿರ ಮಾಲಿಲ್ಲ, ಅದಕ್ಕೇ ಇಷ್ಟು ಉಪದೇಶ ಎಂದುಕೊಂಡು, ಸಂತೆಯ ದಿನ ಎರಡು ಚೀಲ ಗೋವಿನಜೋಳ ಹೇರಿಕೊಂಡು ಲಕ್ಷ್ಮೇಶ್ವರಕ್ಕೆ ಹೋದ.

ಸಂತೆಯ ಒಂದು ಮೂಲೆಯಲ್ಲಿ ಕರೀ ಕನ್ನಡಕದ ಮನುಷ್ಯನೊಬ್ಬ ಟಾರ್ಚು, ದುರ್ಬೀನು, ಹಾವು ಓಡಿಸುವ ಯಂತ್ರ ಹರಡಿಕೊಂಡು ಕೂತಿದ್ದ. ಕೊಟ್ರಪ್ಪ ಅವನ ಕಿವಿಯಲ್ಲಿ ಸೈಲೆನ್ಸರ್ ಇದೆಯೇ ಎಂದು ಕೇಳಿದ. ಅವನು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಗೋಣಿತಾಟಿನ ಕೆಳಗಿಂದ ಕರ್ರಗೆ ಹೊಳೆಯುವ ದಪ್ಪ ಕೊಳವೆ ತೆಗೆದ.

“ಜರ್ಮನಿ ಮಿಲಿಟರಿದು ಯಜಮಾನ್ರ. ನಿಮ್ಮಂಥಾ ಮಾಲಿನ ಪಾರಖಿ ಇದ್ದಾವ್ರಿಗೆ ಅಂತನ ಇಟ್ಟಿದ್ದೆ.”

ಅಲ್ಲಿಗೆ ಮುಗಿಯಿತು. ಮಾಲಿನ ಗುಣ ಬಲ್ಲ ‘ಪಾರಖಿ’ ಎಂದು ಕರೆದವನಿಗೆ ಕೊಟ್ರಪ್ಪ ಆಸ್ತಿಯನ್ನೇ ಬರೆದುಕೊಡುತ್ತಿದ್ದ. ಕೊಟ್ಟದ್ದು ಆ ಎರಡು ಚೀಲ ಗೋವಿನಜೋಳ ಮಾತ್ರ ಎನ್ನುವುದು ಸುಮಿತ್ರವ್ವನ ಪುಣ್ಯ. ಆದರೂ ಕೊಳವೆಯನ್ನು ಬಡಿದ, ಮೂಸಿದ, ಕಿವಿಗೆ ಹಿಡಿದ. ಕೊಳವೆ ಏನನ್ನೂ ಒಪ್ಪಿಕೊಳ್ಳಲಿಲ್ಲ.

ಮನೆಗೆ ಬಂದು ಕೂಡಿಸಿದರೆ ಅದು ನಳಿಗೆಗೆ ಸಡಿಲ. ಆಗ ಅವನು ಮಾಡಿದ್ದು ನಮ್ಮ ಕಡೆಯ ರೈತ ಮಾತ್ರ ಮಾಡುವ ಕೆಲಸ. ಪೈಪ್‌ಲೈನು ಸೋರಿದರೆ ಏನು ಮಾಡುತ್ತೇವೆ? ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ಮೇಲೆ ಕಲ್ಲಿನಂತೆ ಗಟ್ಟಿಯಾಗುವ ಕರೀ ಅಂಟು ಮೆತ್ತುತ್ತೇವೆ. ಅದನ್ನೇ ಬಂದೂಕಿಗೆ ಮಾಡಿದ. ರಾತ್ರಿ ಕಳೆದು ಬೆಳಗಾಗುವುದರಲ್ಲಿ ಕೊಳವೆ ಎಷ್ಟು ಗಟ್ಟಿ ಕೂತಿತ್ತೆಂದರೆ ಅದೊಂದನ್ನೇ ಹಿಡಿದು ಬಂದೂಕನ್ನೂ, ಬಂದೂಕಿಗೆ ಜೋತುಬಿದ್ದ ಕೊಟ್ರಪ್ಪನನ್ನೂ ಎತ್ತಬಹುದಿತ್ತು.

ಇನ್ನೇನು ತೋಟಾ ಹಾಕಿ ಪರೀಕ್ಷೆ ಮಾಡಬೇಕು, ಅಷ್ಟರಲ್ಲಿ ಊರ ತುಂಬ ಡಂಗುರ: ಚುನಾವಣೆ ಘೋಷಣೆಯಾಗಿದೆ, ಪರವಾನಗಿ ಬಂದೂಕು ಇದ್ದವರು ನಾಳೆ ಸಂಜೆಯೊಳಗೆ ಠಾಣೆಯಲ್ಲಿ ಜಮಾ ಮಾಡಬೇಕು.

ಕೊಟ್ರಪ್ಪ ಬಂದೂಕು ನೋಡಿದ. ಕರೀ ಕೊಳವೆ ಅವನನ್ನು ನೋಡಿತು. ‘ಜೈಲು’ ಎಂದು ಸಾಬರು ಅಂದದ್ದು ಈಗ ಸರಿಯಾಗಿ ಕೇಳಿಸಿತು. ಕೊಳವೆ ಸಮೇತ ಒಯ್ದರೆ ಪರವಾನಗಿ ಹೋಯಿತು, ಒಯ್ಯದಿದ್ದರೂ ಹೋಯಿತು. ಎಳೆದ, ತಿರುವಿದ, ಎಣ್ಣೆ ಬಿಟ್ಟ, ಕೊನೆಗೆ ಕೈಮುಗಿದ. ಅದು ಅಲುಗಲಿಲ್ಲ.

ಬೆಳಗಿನ ಮೊದಲ ಬಸ್ಸಿಗೆ ಗೋಣಿಚೀಲ ಸುತ್ತಿದ ಬಂದೂಕಿನೊಂದಿಗೆ ಬೆಟಗೇರಿಗೆ ಹೋದ. ರಹಮಾನಸಾಬರು ಚೀಲ ಬಿಚ್ಚಿ ನೋಡಿ, ಬೇಗ ಅಂಗಡಿಯ ಬಾಗಿಲು ಎಳೆದುಕೊಂಡರು. ಕೊಳವೆಯ ತುದಿಯ ಮುಚ್ಚಳ ತಿರುಗಿಸಿದರು. ಒಳಗಿಂದ ಒಂದು ಜಾಳಿಗೆ ಜಾರಿ ಮೇಜಿನ ಮೇಲೆ ಬಿತ್ತು. ಸಾಬರು ಅದನ್ನು ಎತ್ತಿ ಬೆಳಕಿಗೆ ಹಿಡಿದರು, ಆಮೇಲೆ ಕಣ್ಣಲ್ಲಿ ನೀರು ಬರುವತನಕ ನಕ್ಕರು.

“ಜರ್ಮನಿದಂತ?”

“ಹೌದ್ರಿ. ಮಿಲಿಟರಿದು.”

“ಹನಿ ನೀರಾವರಿ ಫಿಲ್ಟರ್ರೀ ಇದು! ಕರೀ ಬಣ್ಣ ಬಳದಾನ. ನಿಮ್ಮ ಊರಿನ ಹೊಲದಾಗ ಹೆಜ್ಜಿಗೊಂದು ಅದಾವಲ್ರೀ!”

ನಗು ನಿಂತ ಮೇಲೆ ಸಾಬರ ಮುಖ ಬಿಗಿಯಾಯಿತು. “ಒಂದ ಗುಂಡು ಹೊಡದಿದ್ರ ಈ ಜಾಳಗಿ ಕೂಡ ನಿಮ್ಮ ಮಕಾನೂ ಹೋಗತಿತ್ತು, ಕೊಟ್ರಪ್ಪಣ್ಣಾರ.”

ಹೀಗೆ ಚುನಾವಣೆಯಿಂದ ನಿಜವಾಗಿ ಉಪಕಾರವಾದ ಮತದಾರ ಇಡೀ ಜಿಲ್ಲೆಯಲ್ಲಿ ಒಬ್ಬ ಸಿಕ್ಕಂತಾಯಿತು. ಮಧ್ಯಾಹ್ನದತನಕ ಸಾಬರು ಕೆರೆದರು, ಬಯ್ದರು, ಮತ್ತೆ ಕೆರೆದರು. ಕೊನೆಗೆ ಫಿಲ್ಟರು ಒಂದು ಕಡೆ, ಬಂದೂಕು ಒಂದು ಕಡೆ ಆಯಿತು. ಸಂಜೆ ಠಾಣೆಯಲ್ಲಿ ಹವಾಲ್ದಾರರು ನಳಿಗೆಯ ತುದಿ ಮೂಸಿ ಹುಬ್ಬೇರಿಸಿದರು.

“ಏನ್ರೀ ಇದು, ಪೈಪಿನ ಅಂಟಿನ ವಾಸನಿ?”

“ಸಾಹೇಬ್ರ, ರೈತನ ಮನ್ಯಾಗ ಹೋಳಿಗಿನೂ ಅದ ವಾಸನಿ ಬರತೈತ್ರಿ.”

ಹವಾಲ್ದಾರರು ನಕ್ಕು ಬಂದೂಕನ್ನು ಒಳಗೆ ಇಟ್ಟುಕೊಂಡರು.

ಮತ ಎಣಿಕೆ ಮುಗಿದು ಬಂದೂಕು ಮರಳಿ ಬಂತು. ಕೊಟ್ರಪ್ಪ ಈಗ ಹೊರಸಿನಿಂದ ಎದ್ದು, ಹೊಲದ ಆ ತುದಿಗೆ ನಡೆದುಹೋಗಿ ಗುಂಡು ಹಾರಿಸುತ್ತಾನೆ. ಎಮ್ಮೆ ಮೆಲುಕು ನಿಲ್ಲಿಸುವುದಿಲ್ಲ. ಒಂದು ದಿನ ಸಿಂಗಟಾಲೂರಿಗೆ ಮದುವೆಗೆ ಬಂದ ರಹಮಾನಸಾಬರು ಅವನ ಮನೆಗೂ ಬಂದರು. ಸುಮಿತ್ರವ್ವ ಗಟ್ಟಿ ಹಾಲಿನ ಚಹಾ ತಂದಳು. ಹಿತ್ತಲಿನಾಚೆ, ಮೆಣಸಿನ ಸಾಲಿಗೆ ನೀರು ಹೋಗುವ ಪೈಪಿನಲ್ಲಿ ಆ ಕರೀ ಜರ್ಮನಿ ಮಾಲು ಕೂತಿತ್ತು. ಸಾಬರು ಅದನ್ನು ನೋಡಿ ಮೀಸೆಯಲ್ಲೇ ನಕ್ಕರು.

“ಏನ್ರಿ ಕೊಟ್ರಪ್ಪಣ್ಣಾರ, ನಿಮಗ ಖೊಟ್ಟಿ ಮಾಲು ಮಾರಾಂವ ಹುಟ್ಟಿಲ್ಲ ಅಂತಿದ್ರಿ?”

“ಹುಟ್ಟ್ಯಾನಷ್ಟ ಅಲ್ರಿ, ಎರಡು ಚೀಲ ಗೋವಿನಜೋಳಾ ಹೊತ್ತುಕೊಂಡೂ ಹೋಗ್ಯಾನ” ಎಂದಳು ಸುಮಿತ್ರವ್ವ.

ಕೊಟ್ರಪ್ಪ ಬಸಿಯಲ್ಲಿದ್ದ ಚಹಾ ಪೂರ್ತಿ ಸೊರ್ರನೆ ಹೀರಿ ಮುಗಿಸಿ, ಮೀಸೆ ಒರೆಸಿಕೊಂಡ.

“ಅಂವ ಪ್ರಾಮಾಣಿಕ ಮನಶ್ಯಾ ಆಗಿ ಖರೇ ಮಾಲು ಕೊಟ್ಟಿದ್ನಂದ್ರ ನಾ ಇವತ್ತ ಜೈಲಿನಾಗ ಇರತಿದ್ದೆ. ಸಂತ್ಯಾಗ ಅಷ್ಟು ಮಂದ್ಯಾಗ ಇಂಥಾ ಛಲೋ ಕಳ್ಳನ್ನ ಆರಿಸಾಕ ಕಣ್ಣು ಬೇಕ್ರಿ ಸಾಬರ, ಕಣ್ಣು!”