ಗಾಜಿನ ಹಿಂದಿನ ಸೋರಕ್ಕ

ಬೆಳಗಿನ ಆರು ಗಂಟೆ. ಮತ್ಸ್ಯಾಗಾರದ ಮುಂಬಾಗಿಲು ತೆರೆಯಲು ಇನ್ನೂ ನಾಲ್ಕು ಗಂಟೆ ಇದೆ. ಗಾಜಿನ ತೊಟ್ಟಿಗಳ ಹಿಂದಿರುವ ಸಂದಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಇಕ್ಕಟ್ಟು. ಅಲ್ಲಿ ನಲವತ್ತಾರು ವರ್ಷದ ಹೆಂಗಸೊಬ್ಬರು ಕುಕ್ಕರುಗಾಲಲ್ಲಿ ಕೂತು, ಪೈಪಿನ ಅಡಿಗೆ ಬೆರಳು ಸವರಿ, ಆ ಬೆರಳನ್ನು ನಾಲಿಗೆಗೆ ಮುಟ್ಟಿಸುತ್ತಾರೆ.

“ಬೆವರು,” ಅನ್ನುತ್ತಾರೆ. “ಇದು ತಣ್ಣನೆ ಉಪ್ಪುನೀರಿನ ತೊಟ್ಟಿ, ಪೈಪ್ ಬೆವರುತ್ತೆ. ಸಪ್ಪಗಿದ್ರೆ ಬೆವರು, ಉಪ್ಪಗಿದ್ರೆ ಸೋರಿಕೆ. ಮೀನಿನ ನೀರು ನೆಕ್ತಾಳಲ್ಲ ಅಂತ ಮುಖ ಹಿಂಡ್ಬೇಡಿ. ಹತ್ತೊಂಬತ್ತು ವರ್ಷ ಆಯ್ತು, ನಾನಿನ್ನೂ ಸತ್ತಿಲ್ಲ.”

ಇಲ್ಲಿ ಅವರನ್ನು ಎಲ್ಲರೂ ಕರೆಯುವುದು ಸೋರಕ್ಕ ಎಂದೇ. ಸೇರಿದ ಹೊಸದರಲ್ಲಿ ಸೋರೆಕಾಯಿ ಅನ್ನುತ್ತಿದ್ದರಂತೆ. ತಲೆಗೂದಲು ಬೆಳ್ಳಗಾದ ಮೇಲೆ ಕಾಯಿ ಹೋಗಿ ಅಕ್ಕ ಬಂದಿದೆ. “ಎಲೆಮರೆಯ ಕಾಯಿ ಅಂತ ತಾನೇ ಪೇಪರಲ್ಲಿ ನೀವು ಬರೆಯೋದು? ಯಾವ ಕಾಯಿ ಅಂತ ಜನ ಕೇಳಿದ್ರೆ ಸೋರೆಕಾಯಿ ಅನ್ನಿ,” ಎಂದು ಅವರೇ ನಗುತ್ತಾರೆ.

ಮೂವತ್ತೆಂಟು ತೊಟ್ಟಿ, ಆರುನೂರ ಹನ್ನೆರಡು ಪೈಪ್ ಜೋಡಣೆ. ಅರ್ಧ ಇವತ್ತು, ಅರ್ಧ ನಾಳೆ. ಪ್ರತಿಯೊಂದರ ಸುತ್ತಲೂ ಒಣ ಟಿಶ್ಯೂ ಕಾಗದ ಸುತ್ತಿ ತೆಗೆದು ಟಾರ್ಚಿನ ಬೆಳಕಿಗೆ ಹಿಡಿಯುತ್ತಾರೆ. ಸಾಸಿವೆಯಷ್ಟು ಒದ್ದೆ ಕಂಡರೂ ಅಂದಿನ ಕೆಲಸ ಅಲ್ಲೇ. ಉಪ್ಪುನೀರಿನ ತೊಟ್ಟಿಯಾದರೆ ಸೋರುವ ಜಾಗದಲ್ಲಿ ಬಿಳಿ ಉಪ್ಪು ಹೂ ಬಿಟ್ಟಿರುತ್ತದೆ. ಪ್ಲಾಸ್ಟಿಕ್ ನಟ್ಟು ಬಿಗಿಯುವುದಕ್ಕೆ ಅವರಿಗೆ ಇರುವ ನಿಯಮ ಒಂದೇ, ಪ್ಲಂಬರ್ ಆಗಿದ್ದ ಅಪ್ಪ ಹೇಳಿಕೊಟ್ಟಿದ್ದು: ಕೈಯಲ್ಲಿ ಬಿಗಿಯಾಗುವಷ್ಟು, ಆಮೇಲೆ ಪಾನಾ ಹಿಡಿದು ಕಾಲು ಸುತ್ತು. ಕಾಲಿಗಿಂತ ಹೆಚ್ಚಾದರೆ ಬಿರುಕು.

ಮೂರು ವಾರದ ಹಿಂದೆ ಆ ಕೈ ಒಂದು ಪೂರ್ತಿ ಸುತ್ತು ತಿರುಗಿಸಿತು.

ಕಾರಣ ಕೇಳಿದರೆ ಮುಚ್ಚುಮರೆ ಇಲ್ಲ. “ಹೊಟ್ಟೆಕಿಚ್ಚು. ಇನ್ನೇನು? ಮ್ಯಾನೇಜರ್ ಹತ್ರಾನೂ ಇದನ್ನೇ ಹೇಳಿದ್ದೀನಿ. ನೀವೂ ಬರೀರಿ.”

ಹೊಟ್ಟೆಕಿಚ್ಚು ಸ್ವಂತ ತಂಗಿಯ ಮೇಲೆ. ಐದು ವರ್ಷಕ್ಕೆ ಚಿಕ್ಕವಳು. ದೊಡ್ಡ ತೊಟ್ಟಿಯಲ್ಲಿ ಮುಳುಗಿ, ಗಾಜಿನಾಚೆ ಕೂತ ಜನರೆದುರು ಮೀನುಗಳಿಗೆ ಕೈಯಾರೆ ಉಣಿಸುವವಳು. ಮಕ್ಕಳ ಪಾಲಿಗೆ ಮೀನುರಾಣಿ. ಹನ್ನೊಂದು ವರ್ಷದ ಹಿಂದೆ ಅವಳನ್ನು ಇಲ್ಲಿಗೆ ಕರೆತಂದು ಕೆಲಸ ಕೊಡಿಸಿದವರು ಸೋರಕ್ಕನೇ. “ನಾನೇ ಕೈಹಿಡಿದು ತಂದು ಕೂರಿಸಿಕೊಂಡಿದ್ದು. ಯಾರನ್ನ ಬೈಯಲಿ ಹೇಳಿ?”

ಇದರ ಬೇರು ಇನ್ನೂ ಹಳೆಯದು. ಅಪ್ಪ ಒಂದು ಈಜುಕೊಳದ ಪೈಪ್ ರಿಪೇರಿಗೆ ಇಬ್ಬರನ್ನೂ ಕರೆದೊಯ್ದಿದ್ದರು. ಹನ್ನೆರಡರ ಅಕ್ಕ ಪೈಪಿನ ತುದಿ ಹಿಡಿದು ನಿಂತಿದ್ದಳು, ಏಳರ ತಂಗಿ ಧುಮುಕಿಯೇಬಿಟ್ಟಳು. “ಅಪ್ಪ ಬೈತಾರೆ ಅಂತ ಕಾದೆ. ಅವರು ಬಿದ್ದು ಬಿದ್ದು ನಕ್ಕರು, ನನ್ನ ಮಗಳು ಮೀನು ಅಂತ ಸಿಕ್ಕವರಿಗೆಲ್ಲ ಹೇಳ್ಕೊಂಡು ಓಡಾಡಿದ್ರು. ನಾನು ಅಲುಗಾಡದೆ ಪೈಪ್ ಹಿಡಿದಿದ್ದೆನಲ್ಲ, ಅದನ್ನ ಯಾರಿಗೂ ಹೇಳಲಿಲ್ಲ.”

ಮೂರು ವಾರದ ಹಿಂದೆ ಮ್ಯಾನೇಜರು ಮೀನುರಾಣಿಯ ಆಳೆತ್ತರದ ಚಿತ್ರ ಮಾಡಿಸಿದರು. ಅಂಟಿಸಲು ಜಾಗ ಸಿಕ್ಕಿದ್ದು ಪಂಪ್ ಕೋಣೆಯ ಬಾಗಿಲ ಮೇಲೆ. “ದಿನಾ ಅವಳ ಹೊಟ್ಟೆ ಮೇಲೆ ಕೈಯಿಟ್ಟು ತಳ್ಕೊಂಡೇ ನಾನು ಕೆಲಸಕ್ಕೆ ಹೋಗ್ಬೇಕು. ಮೊದಲ ದಿನ ತಳ್ಳಿ ಒಳಗೆ ಬಂದೆ, ಪಾನಾ ಹಿಡಿದೆ, ಕಟ್ ಅಂತು.” ದೊಡ್ಡ ತೊಟ್ಟಿಯ ಗೋಡೆಯಲ್ಲಿರುವ ಜೋಡಣೆ ಸೀಳಿತು. ನೀರು ನಾಲ್ಕು ಇಂಚು ಇಳಿಯಿತು, ಎರಡು ದಿನ ಪ್ರದರ್ಶನ ನಿಂತಿತು. ಅಂಟು ಮೆತ್ತಿ ಹೇಗೋ ದಿನ ದೂಡಿದ್ದಾಯಿತು. ಇವತ್ತು ಹೊಸದು ಕೂರಬೇಕು. ಹನ್ನೊಂದರ ಪ್ರದರ್ಶನದಲ್ಲಿ ಒಂದು ಹನಿ ಬಿದ್ದರೂ ಈ ಕೆಲಸ ಹೊರಗಿನವರಿಗೆ ಎಂದು ಮ್ಯಾನೇಜರು ಹೇಳಿಬಿಟ್ಟಿದ್ದಾರೆ.

ಈ ಜೋಡಣೆಯನ್ನು ಒಬ್ಬರೇ ಕೂರಿಸಲು ಆಗುವುದಿಲ್ಲ. ಅದರ ಅಗಲವಾದ ಅಂಚು ಮತ್ತು ರಬ್ಬರ್ ವಾಷರ್ ನೀರಿನ ಕಡೆ, ನಟ್ಟು ಗೋಡೆಯ ಈ ಕಡೆ. ಒಳಗಿನಿಂದ ಒತ್ತಿ ಹಿಡಿಯುವವರು ಮುಳುಗುಗಾರರೇ ಆಗಬೇಕು.

ಏಳು ಗಂಟೆಗೆ ತಂಗಿ ಬರುತ್ತಾಳೆ. “ಅಕ್ಕಾ, ಇವತ್ತು ಯಾರ ಕುತ್ತಿಗೆ ಅಂದ್ಕೊಂಡು ತಿರುಗಿಸ್ತೀಯಾ?”

“ನಿನ್ನದೇ. ಬಾಯಿ ಮುಚ್ಚಿ ಮುಳುಗು.”

ಹಳೆಯದನ್ನು ತೆಗೆದ ಕೂಡಲೇ ಎರಡಿಂಚಿನ ತೂತಿನಿಂದ ನೀರು ನುಗ್ಗಿ ಸೋರಕ್ಕನನ್ನು ತಲೆಯಿಂದ ಕಾಲಿನವರೆಗೆ ತೋಯಿಸುತ್ತದೆ. ಮುಂದಿನ ಕ್ಷಣ ಒಳಗಿನಿಂದ ಹೊಸ ಜೋಡಣೆ ತೂತಿಗೆ ಬಂದು ಕೂರುತ್ತದೆ. ಗೋಡೆಯ ಮೂಲಕ ಮಾತು ದಾಟುವುದಿಲ್ಲ, ತಟ್ಟುವುದೇ ಭಾಷೆ. ಒಂದು ತಟ್ಟಿದರೆ ಹಿಡಿದಿದ್ದೇನೆ, ಎರಡು ತಟ್ಟಿದರೆ ಸಾಕು. ಸೋರಕ್ಕ ನಟ್ಟನ್ನು ಕೈಯಲ್ಲೇ ಬಿಗಿಯುತ್ತಾರೆ. ಪಾನಾ ಇಟ್ಟು ಕಾಲು ಸುತ್ತು. ಕೈ ಅಲ್ಲೇ ನಿಂತಿದೆ, ಪಾನಾ ಬಿಟ್ಟಿಲ್ಲ. ಒಳಗಿನಿಂದ ಎರಡು ಸಲ ಟಕ್ ಟಕ್. ಪಾನಾ ಕೆಳಗಿಳಿಯುತ್ತದೆ.

ಚಹಾ ಕುಡಿಯುವಾಗ ತಂಗಿಯನ್ನು ಕೇಳುತ್ತೇನೆ: ಅಷ್ಟೊಂದು ಜನ ಚಪ್ಪಾಳೆ ತಟ್ಟಿದಾಗ ಹೇಗನ್ನಿಸುತ್ತೆ?

“ಕೇಳಿಸಿದ್ರೆ ತಾನೇ ಅನ್ಸೋದು? ಕಿವಿ ತುಂಬ ನೀರು, ನನ್ನ ಉಸಿರಿನದೇ ಗುಳುಗುಳು. ಅವರು ಕೈ ಆಡ್ಸೋದು ಕಾಣುತ್ತೆ ಅಷ್ಟೆ, ಸೊಳ್ಳೆ ಹೊಡೀತಾರೇನೋ ಅನ್ನೋ ಹಾಗೆ. ಮೇಲೆ ಬರೋ ಹೊತ್ತಿಗೆ ಎಲ್ಲಾ ಎದ್ದು ಹೋಗಿರ್ತಾರೆ.”

ಸೋರಕ್ಕನ ಲೋಟ ತುಟಿಯ ಹತ್ತಿರವೇ ನಿಂತಿದೆ. “ಹನ್ನೊಂದು ವರ್ಷದಲ್ಲಿ ಇದನ್ನ ಒಂದು ಸಲಾನೂ ಹೇಳಲಿಲ್ವಲ್ಲೇ?”

“ನೀನು ಯಾವತ್ತು ಕೇಳ್ದೆ?”

ಹನ್ನೊಂದು ಗಂಟೆ. ಗೋಡೆಯಾಚೆ ಪ್ರದರ್ಶನ ನಡೆದಿದೆ. ಮ್ಯಾನೇಜರು ಬಂದು ನೆಲ ನೋಡಿ, ಗಡಿಯಾರ ನೋಡಿ ಹೋಗುತ್ತಾರೆ. ಸೋರಕ್ಕ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಾರೆ, ಬಟ್ಟೆ ಇನ್ನೂ ಒದ್ದೆ. ಏನಾಗಬೇಕು ನಿಮಗೆ ಎಂದರೆ, “ಆ ಚಿತ್ರಾನ ಬೇರೆ ಬಾಗಿಲಿಗೆ ಅಂಟಿಸ್ಲಿ. ಅಷ್ಟು ಬರೀರಿ ಸಾಕು,” ಅನ್ನುತ್ತಾರೆ.

ಆಗ ಚಪ್ಪಾಳೆ ಬರುತ್ತದೆ. ಮುಂದಿನ ಹಜಾರದಿಂದ ಹೊರಟು, ತೊಟ್ಟಿಯ ಮೇಲಿನ ತೆರಪಿನಿಂದ ಇಳಿದು ಈ ಸಂದಿಯನ್ನೆಲ್ಲ ತುಂಬಿಕೊಳ್ಳುತ್ತದೆ. ಸೋರಕ್ಕ ಹೊಸ ಜೋಡಣೆಗೆ ಟಿಶ್ಯೂ ಸುತ್ತಿ ತೆಗೆದು ಟಾರ್ಚಿಗೆ ಹಿಡಿಯುತ್ತಾರೆ. ಒದ್ದೆಯಿಲ್ಲ. ನಾನು ಏನೋ ಕೇಳಲು ಹೋದರೆ ಕೈಯೆತ್ತಿ ತಡೆಯುತ್ತಾರೆ.

“ಸ್ವಲ್ಪ ಸುಮ್ನಿರಿ, ಕೇಳಿಸ್ಕೊಳ್ತಿದ್ದೀನಿ.” ಸದ್ದು ಪೂರ್ತಿ ಅಡಗಿದ ಮೇಲೆ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. “ಎಷ್ಟು ಹೊತ್ತು ತಟ್ಟಿದ್ರು ಅಂತ ಅವಳಿಗೆ ಮಾತ್ರ ಹೇಳಲ್ಲ.”